ಮಡಚಿಟ್ಟ ಹೊತ್ತು

ಇದನ್ನು ಗಟ್ಟಿಯಾಗಿ ಓದಬೇಡಿ. ಮನಸ್ಸಿನಲ್ಲೇ ಓದಿಕೊಳ್ಳಿ. ಅದರಲ್ಲೂ ಕಿವಿಯ ಹಿಂದೆ ಪಟ್ಟಿ ಅಂಟಿಸಿಕೊಂಡವರು, ಎಂದಾದರೂ ಅಂಟಿಸಿಕೊಂಡಿದ್ದವರು, ತುಟಿ ಅಲ್ಲಾಡಿಸದೆ ಓದಿ. ಇದರಲ್ಲಿ ಒಂದು ಪದ ಬರುತ್ತದೆ. ಬರೆದರೆ ಏನೂ ಆಗುವುದಿಲ್ಲ, ಬೇರೆಯವರ ಬಾಯಲ್ಲಿ ಕೇಳಿದರೂ ಏನೂ ಆಗುವುದಿಲ್ಲ. ಸ್ವಂತ ಬಾಯಿಂದ ಆಡಬಾರದು, ಅಷ್ಟೆ.

ನಾನು ಕೊಟ್ರೇಶ. ಹೊಳಲ್ಕೆರೆ ಕಡೆಯವನು, ವೈರ್‌ಮನ್. ಓದಿದ್ದು ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ. ಈ ನಗರದ ಹೊತ್ತು ಕೇಂದ್ರದಲ್ಲಿ ಆರು ವರ್ಷ ಕೆಲಸ ಮಾಡಿದ್ದೇನೆ. ನನಗೆ ಕೋಪ ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಆಗಬಾರದ್ದು ಆಗಿದ್ದೂ ಅದರಿಂದಲೇ.

ಪಟ್ಟಿ ಬರುವ ಮೊದಲು ಇಲ್ಲಿ ಹೊತ್ತು ಹೇಗಿತ್ತು ಅನ್ನುವುದನ್ನು ಜನ ಮರೆತಿದ್ದಾರೆ. ಕೆಂಪು ದೀಪದ ಮುಂದೆ ಮೂರು ನಿಮಿಷ ನಿಂತರೆ ಮೂರು ತಾಸು ನಿಂತ ಹಾಗೆ. ಕೆಲಸದ ಜಾಗದಲ್ಲಿ ಗಡಿಯಾರ ನೋಡಿದರೆ ಹನ್ನೊಂದು, ಬಹಳ ಹೊತ್ತು ಬಿಟ್ಟು ಮತ್ತೆ ನೋಡಿದರೆ ಹನ್ನೊಂದೂ ಹತ್ತು. ಸಂಜೆ ಮನೆಗೆ ಹೋಗಿ ಕೈಕಾಲು ತೊಳೆದು ಕೂತರೆ ಚಹಾ ಲೋಟ ಕೆಳಗಿಡುವಷ್ಟರಲ್ಲಿ ಹಾಸಿಗೆ ಹಾಸುವ ಹೊತ್ತು. ಬೇಡದ ಕಡೆ ಹೊತ್ತು ಹೋಗುತ್ತಿರಲಿಲ್ಲ, ಬೇಕಾದ ಕಡೆ ನಿಲ್ಲುತ್ತಿರಲಿಲ್ಲ. ಮಕ್ಕಳು ಯಾವಾಗ ಎದೆಯುದ್ದ ಬೆಳೆದರೋ ಯಾವ ಅಪ್ಪನಿಗೂ ಗೊತ್ತಾಗುತ್ತಿರಲಿಲ್ಲ.

ಅದಕ್ಕೆ ಮದ್ದು ಅಂತಲೇ ಪಟ್ಟಿ ಬಂತು. ಕಿವಿಯ ಹಿಂದೆ ಅಂಟಿಸುವ, ಹುಣಸೆಬೀಜದಷ್ಟು ದಪ್ಪದ ತುಂಡು. ಅದನ್ನು ಕಂಡುಹಿಡಿದವರಲ್ಲಿ ಒಬ್ಬರು ಡಾಕ್ಟರ್ ಮಂದಾಕಿನಿ, ನಮ್ಮ ಕೇಂದ್ರದ ಮುಖ್ಯಸ್ಥೆ. ಒಮ್ಮೆ ಅವರ ಕೋಣೆಯ ಫ್ಯಾನ್ ಬಿಚ್ಚುತ್ತಾ ಏಣಿಯ ಮೇಲಿಂದಲೇ ಕೇಳಿದೆ, ಈ ಪಟ್ಟಿ ಹೊತ್ತನ್ನು ನುಂಗುತ್ತದಾ ಅಂತ. ಅವರು ನಕ್ಕು, ಕಿಟಕಿಯ ಪರದೆಯನ್ನು ಹಿಡಿದು ಮಡಚಿ ತೋರಿಸಿದರು. ಆರು ಗಜದ ಸೀರೆ ಮಡಚಿದರೆ ಗೇಣುದ್ದ ಆಗುತ್ತದೆ, ಬಟ್ಟೆ ಕಡಿಮೆಯಾಗುವುದಿಲ್ಲ. ಹಾಗೆಯೇ ನಗರದಲ್ಲಿ ಕಳೆದ ಎಂಟು ತಾಸು ಮಿದುಳಿನಲ್ಲಿ ಮಡಿಕೆಯಾಗುತ್ತದೆ, ಒಂದು ತಾಸಿನಷ್ಟೇ ಅನಿಸುತ್ತದೆ. ಕೈಕಾಲು, ಕಣ್ಣು, ಬುದ್ಧಿ ಎಲ್ಲ ಎಂದಿನಂತೆ ಕೆಲಸ ಮಾಡುತ್ತವೆ. ಹೊತ್ತು ಮಾತ್ರ ತಟ್ಟುವುದಿಲ್ಲ. ಸಂಜೆ ಮನೆಯಲ್ಲಿ ಆ ಮಡಿಕೆ ಬಿಚ್ಚಿಕೊಳ್ಳುತ್ತದೆ. ಆಗ ಮನೆಯ ನಾಲ್ಕು ತಾಸು ಹತ್ತು ಹನ್ನೆರಡು ತಾಸಿನಷ್ಟಾಗುತ್ತದೆ.

ಬಿಚ್ಚುವುದಕ್ಕೆ ಬೀಗದ ಕೈ ಬೇಕಲ್ಲ. ಅದಕ್ಕೆ ಎರಡು ಏರ್ಪಾಡು ಮಾಡಿದ್ದರು. ಒಂದು, ಮನೆಯ ಬಾಗಿಲ ಚೌಕಟ್ಟಿಗೆ ಬಡಿದ ಸಣ್ಣ ಪೆಟ್ಟಿಗೆ. ಇದು ಮನೆ ಅಂತ ಪಟ್ಟಿಗೆ ತಿಳಿಸುವುದು ಅದರ ಕೆಲಸ. ಆ ಪೆಟ್ಟಿಗೆಗಳನ್ನು ಬಡಿಯುವುದು, ಕೆಟ್ಟರೆ ಸರಿಮಾಡುವುದು ನನ್ನ ಕೆಲಸ. ಇನ್ನೊಂದು, ಹೊಸ್ತಿಲು ದಾಟುವಾಗ ನಾವು ಆಡಬೇಕಾದ ಒಂದು ಪದ. ಯಾವ ಪದ ಇಡಬೇಕು ಅಂತ ಸಮಿತಿ ಮೂರು ತಿಂಗಳು ಕೂತು ಚರ್ಚಿಸಿ, ಮನೆ ಸೇರಿದವನು ಹೇಳುವ ಮಾತು ಅಂತ ಇದನ್ನು ಇಟ್ಟಿತು: ಬಂದೆ.

ಪಾಲಾಕ್ಷ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಮನೆಗೆ ಬಂದವನು ಹೇಳೋದು 'ಅಯ್ಯಪ್ಪಾ' ಅಂತ, ಅದನ್ನು ಇಡಬೇಕಿತ್ತು ಅಂದಿದ್ದ.

ಪಾಲಾಕ್ಷ ಸಿಟಿ ಬಸ್ಸಿನ ಡ್ರೈವರ್. ನನ್ನ ತಂಗಿ ನೀಲಮ್ಮನ ಗಂಡ. ಅದಕ್ಕೂ ಮೊದಲು ಶಾಲೆಯಲ್ಲಿ ನನ್ನ ಬೆಂಚಿನವನು. ಚನ್ನವೀರಪ್ಪ ಮೇಷ್ಟ್ರ ಬೆತ್ತದ ಏಟು ಇಬ್ಬರೂ ಸಮನಾಗಿ ಹಂಚಿಕೊಂಡವರು. ಮದುವೆಯಾದ ಮೇಲೆ 'ಭಾವ' ಅಂತ ಶುರು ಮಾಡಿದ. ಮೊದಮೊದಲು ಕೆಣಕಲು, ಆಮೇಲೆ ಅದೇ ರೂಢಿಯಾಯಿತು. ಬಸ್ ಡ್ರೈವರುಗಳಿಗೆ ಪಟ್ಟಿ ಕಡ್ಡಾಯವಾಗಿತ್ತು. ಬೇಸರವಿಲ್ಲದವನು ಚೆನ್ನಾಗಿ ಓಡಿಸುತ್ತಾನೆ ಅನ್ನುವ ಲೆಕ್ಕ.

ಮೊದಲ ವರ್ಷ ಚೆನ್ನಾಗಿತ್ತು, ಅದನ್ನೂ ಹೇಳಬೇಕು. ನಾನು ಮನೆಗೆ ಹೋಗಿ ಆ ಪದ ಅಂದು ಕೂತರೆ ಸಂಜೆ ಕೆರೆಯ ಹಾಗೆ ಹರಡಿಕೊಳ್ಳುತ್ತಿತ್ತು. ಒಗ್ಗರಣೆಗೆ ಬಿದ್ದ ಸಾಸಿವೆ ಒಂದೊಂದಾಗಿ ಸಿಡಿಯುವುದು ಕೇಳಿಸುತ್ತಿತ್ತು. ಹೆಂಡತಿ ಅನ್ನಪೂರ್ಣ ಜಡೆ ಹಾಕಿಕೊಳ್ಳುವುದನ್ನು ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಮೊದಲ ಸಲ ಪೂರ್ತಿ ನೋಡಿದೆ. ಅವಳಿಗೆ ಪಟ್ಟಿ ಇರಲಿಲ್ಲ. ಮನೆಯಲ್ಲಿರುವವರಿಗೆ ಯಾಕೆ ಅಂತ ಕೇಂದ್ರ ಕೊಟ್ಟಿರಲಿಲ್ಲ.

"ಏನ್ರೀ ಅದು, ಫೋಟೋ ನೋಡ್ದಂಗೆ ನೋಡ್ತಾ ಕೂತಿದ್ದೀರಾ?" ಅಂದಳು. "ನಿಮಗೆ ಸಂಜೆ ಉದ್ದ ಆಯ್ತು. ನನಗೆ ಎರಡು ಮಾತಿಗೆ ಒಂದು ಉತ್ತರ ಬರೋದೂ ನಿಂತೋಯ್ತು."

ಆಗ ನನಗೆ ಅರ್ಥವಾಗಲಿಲ್ಲ. ಜಗಳವಾದ ದಿನ ಅರ್ಥವಾಯಿತು. ಅವಳು ಒಂದು ಮಾತು ಅಂದು, ಎರಡು ನಿಮಿಷದಲ್ಲಿ ಮರೆತು ಪಾತ್ರೆ ತೊಳೆಯಲು ಹೋದಳು. ನನ್ನ ಪಾಲಿಗೆ ಆ ಮಾತು ಒಂದು ತಾಸು ಗಾಳಿಯಲ್ಲಿ ನಿಂತಿತ್ತು. ನಾನು ಒಂದು ತಾಸು ಕುದಿದು ಎದ್ದು ಕೂಗಾಡಿದೆ. ಅವಳಿಗೆ ಯಾಕೆ ಅಂತಲೇ ತಿಳಿಯಲಿಲ್ಲ.

ಡಿಪೋಗಳಲ್ಲಿ ಬೇರೆಯೇ ನಡೆಯಿತು. ಎಂಟು ತಾಸು ಒಂದು ತಾಸಿನಷ್ಟೇ ಅನಿಸುವುದಾದರೆ ಹದಿನಾರು ತಾಸು ಓಡಿಸಲು ಏನು ಕಷ್ಟ ಅಂತ ಅಧಿಕಾರಿಗಳು ಕೇಳಿದರು. ಡ್ರೈವರುಗಳಿಗೂ ಕಷ್ಟ ಅನಿಸಲಿಲ್ಲ. ಡಬಲ್ ಡ್ಯೂಟಿ ಮುಗಿಸಿ ಡಿಪೋದಲ್ಲೇ ಮಲಗಿ ಮತ್ತೆ ಹೊರಡುವವರು ಹೆಚ್ಚಾದರು. ಡಿಪೋದಲ್ಲಿ ಚೌಕಟ್ಟಿನ ಪೆಟ್ಟಿಗೆ ಇರಲಿಲ್ಲ. ಅಲ್ಲಿ ಮಡಿಕೆ ಬಿಚ್ಚಿಕೊಳ್ಳುತ್ತಿರಲಿಲ್ಲ, ಮಡಿಕೆಯ ಮೇಲೆ ಮಡಿಕೆ ಕೂರುತ್ತಿತ್ತು. ಪಾಲಾಕ್ಷನ ಪಾದ ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. ಕೇಳಿದರೆ, ಈಗ ತಾನೇ ಹತ್ತಿದೀನಿ ಅನ್ಸುತ್ತೆ ಭಾವ, ಕಾಲು ಯಾಕೆ ಊದಿದೆಯೋ ಗೊತ್ತಿಲ್ಲ ಅನ್ನುತ್ತಿದ್ದ.

ಹೀಗಿರುವಾಗ ಪೆಟ್ಟಿಗೆಗಳನ್ನು ತೆಗೆಯಬೇಕು ಅಂತ ಆದೇಶ ಬಂತು. ಬಾಡಿಗೆ ಮನೆಯವರು ಮನೆ ಬದಲಿಸಿದಾಗಲೆಲ್ಲ ತೊಂದರೆ, ಗೆದ್ದಲು ಹಿಡಿದ ಚೌಕಟ್ಟುಗಳಲ್ಲಿ ಮೊಳೆ ನಿಲ್ಲುತ್ತಿರಲಿಲ್ಲ. ಅದಲ್ಲದೆ ಪೆಟ್ಟಿಗೆ ಬೇಕಾಗಿಯೇ ಇಲ್ಲ ಅಂತ ಪರೀಕ್ಷೆಯಲ್ಲಿ ಗೊತ್ತಾಗಿತ್ತು. ಹುಣಸೆಹಣ್ಣು ಅಂದರೆ ಬಾಯಲ್ಲಿ ನೀರು ಬರುವ ಹಾಗೆ, ಆ ಪದ ಅಂದರೆ ಬಿಚ್ಚಿಕೊಳ್ಳುವುದನ್ನು ಮಿದುಳು ತಾನೇ ಕಲಿತುಬಿಟ್ಟಿತ್ತು. ಇಷ್ಟು ದಿನ ಪಟ್ಟಿ ಅದನ್ನು ಹೊರಗಡೆ ತಡೆದು ಹಿಡಿದಿತ್ತು. ಇನ್ನು ಮುಂದೆ ತಡೆಯುವುದು ಬೇಡ, ಪದ ಒಂದೇ ಸಾಕು ಅಂದರು. ಸೋಮವಾರ ಬೆಳಿಗ್ಗೆ ತಡೆ ತೆಗೆದರು.

ಮಂಗಳವಾರ ಕೇಂದ್ರಕ್ಕೆ ಹದಿನೇಳು ದೂರು ಬಂದವು. ಬುಧವಾರ ಇನ್ನೂರು ದಾಟಿತು. ಜನ ನಿಂತಲ್ಲೇ ಕಣ್ಣು ಬಿಟ್ಟುಕೊಂಡು ಅರ್ಧ ನಿಮಿಷ ಕಲ್ಲಾಗುತ್ತಿದ್ದರು. ಎಚ್ಚರವಾದಾಗ ಬಹಳ ದಣಿದಿರುತ್ತಿದ್ದರು, ಕೆಲವರು ಅಳುತ್ತಿದ್ದರು. ಕೇಂದ್ರ ಅದನ್ನು ಬಿಸಿಲಿನ ತಲೆಸುತ್ತು ಅಂತ ಬರೆದುಕೊಂಡಿತು.

ಗುರುವಾರ ನಾನು ಪೆಟ್ಟಿಗೆ ಕೀಳಲು ಹೋದ ಬೀದಿಯಲ್ಲಿ, ತರಕಾರಿ ಅಂಗಡಿಯ ಮುಂದೆ ಒಬ್ಬ ಹೆಂಗಸು ಫೋನಿನಲ್ಲಿ ಮಾತಾಡುತ್ತಿದ್ದಳು. ಆ ಕಡೆಯಿಂದ ಯಾರೋ ಎಲ್ಲಿದ್ದೀಯಾ ಅಂತ ಗದರಿರಬೇಕು. ಇವಳು ಬದನೆಕಾಯಿ ಆರಿಸುತ್ತಲೇ, ಬಂದೆ ಬಂದೆ ಅಂದಳು. ಅಂದವಳು ಹಾಗೇ ನಿಂತಳು, ಕಣ್ಣು ಕೈಯಲ್ಲಿದ್ದ ಬದನೆಕಾಯಿಯ ಮೇಲೆ. ರೆಪ್ಪೆ ಅಲ್ಲಾಡಲಿಲ್ಲ. ಅರ್ಧ ನಿಮಿಷದ ಮೇಲೆ ಬದನೆಕಾಯಿ ಎಸೆದು ಫುಟ್‌ಪಾತಿನ ಮೇಲೆ ಕುಸಿದಳು.

ಊರಿನ ಶಾಲೆ ನೆನಪಾಯಿತು. 'ಬಂದೆ' ಯಾವ ಕಾಲ ಅಂತ ಚನ್ನವೀರಪ್ಪ ಮೇಷ್ಟ್ರು ಕೇಳಿದರೆ ಭೂತಕಾಲ ಅಂತ ನಾನೂ ಪಾಲಾಕ್ಷನೂ ಒಟ್ಟಿಗೆ ಕೂಗುತ್ತಿದ್ದೆವು. ಸಂಜೆ ಗೋಲಿ ಆಡುವಾಗ ಅವ್ವ ಕರೆದರೆ ಅಲ್ಲಿಂದಲೇ 'ಬಂದೆ' ಅಂತ ಕೂಗಿ, ಇನ್ನೂ ಎರಡು ಆಟ ಆಡಿ ಹೋಗುತ್ತಿದ್ದೆವು. ನಮ್ಮ ಜನ ಬಂದಮೇಲೆ ಬಂದೆ ಅನ್ನುವುದು ಕಡಿಮೆ. ಬಾರದಿದ್ದಾಗಲೇ ಅನ್ನುತ್ತಾರೆ. ಸ್ನಾನಕ್ಕೆ ಹೊರಟವನೂ ಬಂದೆ, ಮೂರು ಮೈಲಿ ಆಚೆ ಇರುವವನೂ ಬಂದೆ. ಮೂರು ತಿಂಗಳು ಕೂತ ಸಮಿತಿಯಲ್ಲಿ ಇದನ್ನು ಹೇಳುವವನು ಒಬ್ಬನೂ ಇರಲಿಲ್ಲವಾ? ಎಲ್ಲರೂ ಈ ನೆಲದವರೇ. ದಿನಕ್ಕೆ ಹತ್ತು ಸಲ ಹಾಗೆ ಅನ್ನುವವರೇ. ವ್ಯಾಕರಣ ಪುಸ್ತಕ ಮುಂದಿಟ್ಟ ತಕ್ಷಣ ಸ್ವಂತ ಬಾಯಿಯನ್ನು ಮರೆತಿದ್ದರು.

ನೇರವಾಗಿ ಕಂಟ್ರೋಲ್ ರೂಮಿಗೆ ನುಗ್ಗಿದೆ. ಗೋಡೆ ತುಂಬ ಪರದೆಗಳು, ಅದರ ತುಂಬ ನಗರದ ಪಟ್ಟಿಗಳ ಹಸಿರು ಚುಕ್ಕೆಗಳು. ಡಾಕ್ಟರ್ ಮಂದಾಕಿನಿ ಒಂದು ಮೇಜಿನ ಮುಂದೆ ಕೂತಿದ್ದರು. ನಾನು ಕೂಗಾಡಿಯೇ ಹೇಳಿದೆ. ಅವರೂ ದನಿ ಏರಿಸಿದರು. ಪದದ ಅರ್ಥ ನಿಘಂಟು ನೋಡಿ ಇಟ್ಟಿದ್ದು, ಒಬ್ಬ ವೈರ್‌ಮನ್ ಬಂದು ವ್ಯಾಕರಣ ಕಲಿಸಬೇಕಾಗಿಲ್ಲ ಅಂದರು. ಸಿಬ್ಬಂದಿಯ ಜೊತೆ ಅವರದು ಯಾವಾಗಲೂ ಇಂಗ್ಲಿಷ್. ನನ್ನ ಜೊತೆ ಮಾತ್ರ ಕನ್ನಡ. ಆ ಬಿಸಿಯಲ್ಲಿ ನಾಲಿಗೆಗೆ ಕನ್ನಡವೇ ಹತ್ತಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬಳು ಇಣುಕಿ, ಮೇಡಂ, ಮೀಟಿಂಗಿಗೆ ಕಾಯ್ತಿದ್ದಾರೆ ಅಂದಳು.

"ಹಾಂ, ಬಂದೆ," ಅಂದರು, ಕುರ್ಚಿಯಲ್ಲಿ ಕೂತಂತೆಯೇ.

ಆಮೇಲೆ ಅವರ ಮುಖದಲ್ಲಿ ಯಾರೂ ಇರಲಿಲ್ಲ. ಕಣ್ಣು ನನ್ನ ಮುಖದ ಮೇಲೆ ನೆಟ್ಟಿತ್ತು. ನಾನು ಎಣಿಸಿದೆ. ಇಪ್ಪತ್ತೆಂಟು ಸೆಕೆಂಡು. ಎಚ್ಚರವಾದಾಗ ಅವರ ತುಟಿ ಒಣಗಿತ್ತು. ನೀರು ಕೊಟ್ಟೆ. ಕುಡಿದು, ಬಹಳ ಮೆಲ್ಲಗೆ ಹೇಳಿದರು: "ಕೊಟ್ರೇಶ್, ನಿಮ್ಮ ಮೀಸೆಯಲ್ಲಿ ಬಲಗಡೆ ಎರಡು ಬಿಳಿ ಕೂದಲಿವೆ. ಐದು ತಾಸಿನಿಂದ ಅದನ್ನೇ ನೋಡ್ತಾ ಇದ್ದೆ. ಕೈ ಎತ್ತೋಕಾಗಲಿಲ್ಲ."

ಆವತ್ತು ಅವರು ನನಗೆ ಉಳಿದದ್ದನ್ನೂ ಹೇಳಿದರು. ಎದೆಬಡಿತ ನಿಧಾನವಿದ್ದರೆ ಮಡಿಕೆ ನಿಧಾನವಾಗಿ ಬಿಚ್ಚುತ್ತದೆ, ಮನೆಯಲ್ಲಿ ಆಗುವುದು ಹಾಗೆ. ಎದೆ ಜೋರಾಗಿ ಹೊಡೆದುಕೊಳ್ಳುವಾಗ ಆ ಪದ ಅಂದರೆ ಪೂರ್ತಿ ಒಂದೇ ಸಲ ಬಿಚ್ಚುತ್ತದೆ. ಬಿಚ್ಚಿದ ಹೊತ್ತೆಲ್ಲ ಆಗ ಕಣ್ಣ ಮುಂದೆ ಏನಿದೆಯೋ ಅದರ ಮೇಲೆ ಕೂರುತ್ತದೆ. ಪಟ್ಟಿ ಕಿತ್ತು ಬಿಸಾಕಿದರೂ ಪ್ರಯೋಜನವಿಲ್ಲ. ಇದ್ದ ಮಡಿಕೆ ತಲೆಯಲ್ಲೇ ಉಳಿಯುತ್ತದೆ, ಕಲಿತ ಪದವೂ ಉಳಿಯುತ್ತದೆ. ಮತ್ತೆ ತಡೆ ಹಾಕಲು ಸೋಮವಾರದವರೆಗೆ ಬೇಕು.

ಹಾಗಾದರೆ ಈಗಲೇ ಟೀವಿಯಲ್ಲಿ ಹೇಳಿ, ಆ ಪದ ಆಡಬೇಡಿ ಅನ್ನಿ ಅಂದೆ.

"ಹೇಳಿದ ಕೂಡಲೆ ಪಟ್ಟಿ ಹಾಕಿರೋ ನಾಲ್ಕು ಲಕ್ಷ ಜನ ಏನು ಮಾಡ್ತಾರೆ?" ಅಂತ ಕೇಳಿದರು. "ಯಾವ ಪದ ಅಂತ ಪಕ್ಕದವರನ್ನು ಕೇಳ್ತಾರೆ. ಭಯದಲ್ಲಿ, ಎದೆ ಹೊಡ್ಕೊಳ್ತಾ, ಬಾಯಿ ಬಿಟ್ಟು."

ಬಸ್ಸುಗಳನ್ನಾದರೂ ನಿಲ್ಲಿಸಿ ಅಂದೆ. ಮೇಲಿನವರಿಗೆ ಹೇಳುತ್ತೇನೆ ಅಂದರು. ಹೇಳಿದರೋ ಬಿಟ್ಟರೋ, ಬಸ್ಸುಗಳು ನಿಲ್ಲಲಿಲ್ಲ. ಅವತ್ತಿನಿಂದ ನಾನು ಮನೆಯಲ್ಲೂ ಆ ಪದ ಆಡಲಿಲ್ಲ. ನಾಲಿಗೆ ಅತ್ತ ಹೊರಟರೇ ಎದೆ ಹೊಡೆದುಕೊಳ್ಳುತ್ತಿತ್ತು.

ಪಾಲಾಕ್ಷ ಆಗ ಇಪ್ಪತ್ತೊಂದು ದಿನದಿಂದ ಮನೆಗೆ ಹೋಗಿರಲಿಲ್ಲ. ಭಾನುವಾರ ಅವನ ಮಗಳು ದಾಕ್ಷಾಯಿಣಿಯ ನಿಶ್ಚಿತಾರ್ಥ. ಅದಕ್ಕೆ ಒಂದು ವಾರ ರಜೆ ಸಿಗಲಿ ಅಂತ ಡಬಲ್ ಡ್ಯೂಟಿ ಮಾಡಿ ಕೂಡಿಸಿಕೊಳ್ಳುತ್ತಿದ್ದ. ಗುರುವಾರ ಸಂಜೆಯೇ ಡಿಪೋಗೆ ಹೋಗಿ ಅವನನ್ನು ಹೊರಗೆ ಕರೆದು ಎಲ್ಲ ಹೇಳಿದೆ. ಗಾಡಿ ಹತ್ತಬೇಡ ಅಂದೆ. ಇವತ್ತು ನಾಳೆ ಹತ್ತದಿದ್ದರೆ ಇಷ್ಟು ದಿನದ ರಜೆ ವಾಪಸ್ ಹೋಗುತ್ತೆ, ಮಗಳ ಮುಂದೆ ಏನು ಮುಖ ಇಟ್ಕೊಂಡು ನಿಲ್ಲಲಿ ಅಂದ.

"ಹೋಗಲಿ, ಆ ಪದ ಮಾತ್ರ ಬಾಯಲ್ಲಿ ಬರಬಾರದು," ಅಂದೆ. "ಯಾರು ಕೇಳಿದರೂ 'ದಾರೀಲಿದ್ದೀನಿ' ಅನ್ನು."

"ದಾರೀಲೇ ತಾನೇ ಇರೋದು ಡ್ರೈವರು. ಮೇಷ್ಟ್ರು ಇದ್ದಿದ್ರೆ ಖುಷಿ ಪಡ್ತಿದ್ರು ನೋಡು ಭಾವ. ವರ್ತಮಾನಕಾಲ."

ಅಲ್ಲೇ ನಿಂತು ಹತ್ತು ಸಲ ಹೇಳಿಸಿದೆ. ದಾರೀಲಿದ್ದೀನಿ, ದಾರೀಲಿದ್ದೀನಿ. ಪಕ್ಕದಲ್ಲಿ ಹೋಗುತ್ತಿದ್ದ ಮೆಕ್ಯಾನಿಕ್ ಇಬ್ಬರಿಗೂ ತಲೆ ಕೆಟ್ಟಿದೆ ಅಂತ ನೋಡಿಕೊಂಡು ಹೋದ. ನೀಲಮ್ಮನಿಗೂ ದಾಕ್ಷಾಯಿಣಿಗೂ ಹೇಳಿದೆ, ಭಾನುವಾರ ಅವನು ಮನೆ ಮುಟ್ಟುವ ತನಕ ಎಲ್ಲಿದ್ದೀಯಾ ಅಂತ ಯಾರೂ ಫೋನ್ ಮಾಡಬೇಡಿ ಅಂತ. ಶುಕ್ರವಾರ, ಶನಿವಾರ ಯಾರೂ ಮಾಡಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಗಂಡಿನ ಕಡೆಯವರು ಬಂದು ಕೂತರು. ನೀಲಮ್ಮನ ಮನೆ ಚಿಕ್ಕದು, ಹಾಲಿನಲ್ಲಿ ಚಾಪೆ ಹಾಸಿ ಇಪ್ಪತ್ತು ಜನರನ್ನು ಕೂರಿಸಿದ್ದೆವು. ಶಾಸ್ತ್ರಕ್ಕೆ ಒಳ್ಳೆಯ ಹೊತ್ತು ಹನ್ನೊಂದೂ ನಲವತ್ತರವರೆಗೆ ಅಂತ ಅಯ್ಯನವರು ಹೇಳಿದ್ದರು. ಪಾಲಾಕ್ಷ ಒಂಬತ್ತಕ್ಕೇ ಬಿಡುಗಡೆಯಾಗಬೇಕಿತ್ತು. ಬದಲಿ ಡ್ರೈವರು ಬಂದಿಲ್ಲ, ಇನ್ನೊಂದು ಟ್ರಿಪ್ ಹಾಕಿ ಹೋಗು ಅಂತ ಡಿಪೋದವರು ಮತ್ತೆ ಗಾಡಿ ಹತ್ತಿಸಿದ್ದರು ಅನ್ನುವುದು ನಮಗೆ ಆಮೇಲೆ ತಿಳಿಯಿತು.

ಹನ್ನೊಂದಾಯಿತು. ಹನ್ನೊಂದೂ ಕಾಲಾಯಿತು. ತಲೆಯಲ್ಲಿ ಮೂರು ದಿನದ ಮಡಿಕೆ ಬಿಚ್ಚದೆ ಕೂತಿತ್ತೋ ಏನೋ, ನನಗೆ ಆ ಕಾಲು ತಾಸು ಚರ್ಮ ಸುಲಿದ ಹಾಗಾಯಿತು. ಗಂಡಿನ ದೊಡ್ಡಪ್ಪ ಒಬ್ಬರು, ಹೆಣ್ಣಿನ ತಂದೆಗೆ ನಮ್ಮ ಸಂಬಂಧ ಇಷ್ಟ ಇದೆ ತಾನೇ ಅಂತ ನಗುತ್ತಾ ಕೇಳಿದರು. ತಮಾಷೆಯೇ ಇರಬಹುದು. ದಾಕ್ಷಾಯಿಣಿ ಒಳಗಿನ ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡಳು. ಅವಳ ಮುಖ ನೋಡಿದೆ. ನನ್ನ ತಲೆಗೆ ರಕ್ತ ಏರಿತು. ಫೋನ್ ಹಿಡಿದುಕೊಂಡು ಹೊರಗೆ ಬಂದೆ. ನೀಲಮ್ಮ ಹಿಂದಿನಿಂದ, ಅಣ್ಣಾ ಬೇಡ ಅಂದಳು. ಅಂದದ್ದು ಕೇಳಿಸಿತು. ಸುಳ್ಳು ಯಾಕೆ ಬರೆಯಲಿ.

ಎರಡನೇ ರಿಂಗಿಗೆ ಎತ್ತಿದ. ಹಿಂದೆ ಬಸ್ಸಿನ ಗಡಗಡ.

"ಎಲ್ಲಿ ಸತ್ತಿದ್ದೀಯಾ?" ಅಂತ ಅರಚಿದೆ.

ಹತ್ತು ಸಲ ಹೇಳಿಸಿದ್ದು, ಎರಡು ದಿನ ಅವನು ತಾನೇ ಅಭ್ಯಾಸ ಮಾಡಿದ್ದು, ಎಲ್ಲ ಆ ಒಂದು ಕೂಗಿಗೆ ಹಾರಿಹೋಯಿತು. ಬೈಸಿಕೊಂಡವನ ಬಾಯಿ ಹೊಸದಾಗಿ ಕಲಿತದ್ದನ್ನು ಆಡುವುದಿಲ್ಲ. ನನ್ನ ಜೊತೆ ಗೋಲಿ ಆಡುವಾಗ ಕಲಿತದ್ದನ್ನು ಆಡುತ್ತದೆ.

"ಬಂದೆ ಭಾವ, ಬಂದೆ."

ಆಮೇಲೆ ಬಸ್ಸಿನ ಸದ್ದು ಮಾತ್ರ. ಪಾಲಾಕ್ಷ ಅಂದೆ. ಪಾಲಾಕ್ಷ, ಪಾಲಾಕ್ಷ ಅಂದೆ. ಹಾರ್ನ್ ಒಂದೇ ಸಮ ಹೊಡೆದುಕೊಳ್ಳತೊಡಗಿತು. ಅವನ ಕೈ ಅದರ ಮೇಲೆ ಬಿದ್ದಿತ್ತಂತೆ. ಒಂದು ಹೆಣ್ಣು ದನಿ, ಪಾಲಾಕ್ಷಣ್ಣ, ಬ್ರೇಕು, ಬ್ರೇಕು ಅಂದಿತು. ಆಮೇಲೆ ಕಬ್ಬಿಣ ಕಲ್ಲಿಗೆ ಉಜ್ಜುವ ಸದ್ದು ಬಹಳ ಹೊತ್ತು ಬಂತು. ನನಗೆ ಬಹಳ ಹೊತ್ತು. ಬಸ್ಸಿನ ಕ್ಯಾಮೆರಾದಲ್ಲಿ ಎಲ್ಲ ಸೇರಿ ಹತ್ತೊಂಬತ್ತು ಸೆಕೆಂಡು.

ಮೇಲ್ಸೇತುವೆಯ ಇಳಿಜಾರಿನಲ್ಲಿ ಆದದ್ದು. ಕಂಡಕ್ಟರ್ ಭ್ರಮರಾಂಬ ಓಡಿಬಂದು ಹ್ಯಾಂಡ್‌ಬ್ರೇಕ್ ಎಳೆದಳು. ಬಸ್ಸು ತಡೆಗೋಡೆಗೆ ಉಜ್ಜಿಕೊಂಡು ನಿಂತಿತು. ಒಳಗಿದ್ದ ಹನ್ನೊಂದು ಜನರಿಗೆ ಏಟಾಯಿತು. ಮುಂದಿನ ಸೀಟಿನಲ್ಲಿದ್ದ ಹಿರಿಯರೊಬ್ಬರು ಮೂರನೇ ದಿನ ತೀರಿಕೊಂಡರು. ಬಸ್ಸಿನ ಮುಂದೆ ಸ್ಕೂಟರಿನಲ್ಲಿ ಹೋಗುತ್ತಿದ್ದ ಹುಡುಗಿ ಕೊನೇ ಗಳಿಗೆಯಲ್ಲಿ ಪಕ್ಕಕ್ಕೆ ಹಾರಿದಳು. ಕಾಲು ಮುರಿಯಿತು, ಜೀವ ಉಳಿಯಿತು.

ಪಾಲಾಕ್ಷನ ಮೈಮೇಲೆ ಒಂದು ಗೀರೂ ಇರಲಿಲ್ಲ.

ಆಸ್ಪತ್ರೆಗೆ ಡಾಕ್ಟರ್ ಮಂದಾಕಿನಿ ಬಂದರು. ಕಾರಿಡಾರಿನ ಗೋಡೆಗೆ ಒರಗಿ ಕಾಗದದ ಮೇಲೆ ಲೆಕ್ಕ ಹಾಕಿದರು. ಇಪ್ಪತ್ನಾಲ್ಕು ದಿನ, ದಿನಕ್ಕೆ ಹದಿನಾಲ್ಕು ತಾಸಿನ ಮಡಿಕೆ. ಹಗಲು ರಾತ್ರಿ ಸೇರಿಸಿ ಪೂರ್ತಿ ಹದಿನಾಲ್ಕು ದಿನ. ಅಷ್ಟೂ ಆ ಹತ್ತೊಂಬತ್ತು ಸೆಕೆಂಡಿನಲ್ಲಿ ಬಿಚ್ಚಿದೆ. ಅಷ್ಟು ದೊಡ್ಡ ಮಡಿಕೆ ಬಿಚ್ಚಿದವರನ್ನು ಯಾರೂ ನೋಡಿಲ್ಲ ಅಂದರು. ನಾನು ಅವರನ್ನು ಹೊಡೆಯಲು ಕೈ ಎತ್ತಿದ್ದೆ. ಎತ್ತಿದ ಕೈ ಅಲ್ಲೇ ನಿಂತಿತು. ಫೋನ್ ಮಾಡಿದವರು ಅವರಲ್ಲ.

ಸೋಮವಾರ ತಡೆ ಹಾಕಿದರು. ಪೆಟ್ಟಿಗೆಗಳನ್ನೂ ಮತ್ತೆ ಬಡಿಯುತ್ತಿದ್ದಾರೆ. ಡ್ರೈವರಿಗೆ ಸಕ್ಕರೆ ಕಾಯಿಲೆಯಿಂದ ತಲೆ ಸುತ್ತಿತು ಅಂತ ಪತ್ರಿಕೆಯಲ್ಲಿ ಬಂತು. ಪಾಲಾಕ್ಷನಿಗೆ ಸಕ್ಕರೆ ಕಾಯಿಲೆ ಇಲ್ಲ. ಪಟ್ಟಿ ಬೇಡವೆಂದು ಕಿತ್ತು ಹಾಕಿದವರಿಗೆ ಯಾವ ತಡೆಯೂ ಇಲ್ಲ ಅನ್ನುವುದನ್ನು ಯಾರೂ ಬರೆಯಲಿಲ್ಲ. ಅಂಥವರು ಸಾವಿರಾರು ಜನ ಇದ್ದಾರೆ. ಗಾಡಿ ಓಡಿಸುತ್ತಾರೆ, ಮೆಟ್ಟಿಲ ಮೇಲೆ ನಿಲ್ಲುತ್ತಾರೆ, ಮಗುವನ್ನು ಎತ್ತಿಕೊಂಡಿರುತ್ತಾರೆ. ಯಾರಾದರೂ ಎಲ್ಲಿದ್ದೀಯಾ ಅಂತ ಕೇಳುವವರೆಗೆ ಅವರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಇದನ್ನು ಬರೆದದ್ದು. ಆ ಭಾನುವಾರ ಆಸ್ಪತ್ರೆಯ ಅಂಗಳದಲ್ಲಿ ಪಟ್ಟಿ ಕಿತ್ತು ಬಿಸಾಕಿದವರಲ್ಲಿ ನಾನೂ ಒಬ್ಬ.

ದಾಕ್ಷಾಯಿಣಿಯ ಸಂಬಂಧ ಮುರಿಯಲಿಲ್ಲ. ಆ ದೊಡ್ಡಪ್ಪನೇ ಮುಂದೆ ನಿಂತು ಆಸ್ಪತ್ರೆಯಲ್ಲೇ ಹೂ ಮುಡಿಸಿದರು. ಪಾಲಾಕ್ಷ ಮಗಳ ತಲೆ ಮುಟ್ಟಿದ.

ಎರಡು ತಿಂಗಳಾದ ಮೇಲೆ ಆ ಸ್ಕೂಟರಿನ ಹುಡುಗಿ ಅವನನ್ನು ನೋಡಲು ಮನೆಗೆ ಬಂದಳು. ಕೋಲೂರಿಕೊಂಡು ಬಾಗಿಲಲ್ಲಿ ನಿಂತಳು. ಕೇಸು ಹಾಕುವವಳ ಹಾಗೆ ಬಿಗಿದುಕೊಂಡು ಬಂದಿದ್ದಳು. ಪಾಲಾಕ್ಷ ತಲೆ ಎತ್ತಿ ನೋಡಿದ. ಅವನು ಅಳಬಹುದು, ಕಾಲಿಗೆ ಬೀಳಬಹುದು ಅಂದುಕೊಂಡಿದ್ದೆವು.

"ಎಡಗೈ ತೋಳಿನ ಹತ್ರ ಹೊಲಿಗೆ ಬಿಚ್ಚಿತ್ತಲ್ಲಮ್ಮ," ಅಂದ. "ಹಳದಿ ದಾರ. ಹೊಲಿಸ್ಕೊಂಡ್ಯಾ?"

ಹುಡುಗಿಗೆ ಅರ್ಥವಾಗಲಿಲ್ಲ. ನನಗಾಯಿತು. ಸ್ಕೂಟರಿನ ಕನ್ನಡಿಯಲ್ಲಿ ಹಿಂದೆ ನೋಡುತ್ತಾ ಇನ್ನೇನು ಬಸ್ಸಿನ ಅಡಿಗೆ ಹೋಗಲಿದ್ದ ಹುಡುಗಿ, ಅವಳ ತೋಳು, ಆ ದಾರ. ಕಾಲನ್ನು ಬ್ರೇಕಿನ ಮೇಲಿಡಲಾಗದೆ ಹದಿನಾಲ್ಕು ದಿನ ಅದನ್ನೇ ನೋಡಿದ್ದಾನೆ. ಅವಳು ಹಾರಿದ್ದನ್ನು ಅವನು ನೋಡಿಲ್ಲ. ಇವಳೇ ಅವಳು, ಬದುಕಿದ್ದಾಳೆ ಅಂತ ಎಷ್ಟು ಹೇಳಿದರೂ ಹೂಂ ಅನ್ನುತ್ತಾನೆ. ನಂಬಿದ ಹಾಗೆ ಕಾಣುವುದಿಲ್ಲ.

ಈಗ ಏಳು ತಿಂಗಳಾಯಿತು. ನಾನು ಕೇಂದ್ರ ಬಿಟ್ಟಿದ್ದೇನೆ. ಆ ಗುರುವಾರ, ಶುಕ್ರವಾರ, ಶನಿವಾರದ ಮಡಿಕೆ ನನ್ನ ತಲೆಯಲ್ಲಿ ಹಾಗೇ ಇದೆ, ಇಪ್ಪತ್ತು ತಾಸಿನಷ್ಟು. ಶಾಂತವಾಗಿ ಕೂತು, ಒಳ್ಳೆಯದೇನನ್ನಾದರೂ ನೋಡುತ್ತಾ ಆ ಪದ ಅಂದರೆ ಮೆಲ್ಲಗೆ ಬಿಚ್ಚಿ ಮುಗಿಯುತ್ತದೆ ಅಂತ ಡಾಕ್ಟರ್ ಹೇಳುತ್ತಾರೆ. ಆ ಪದ ನೆನೆದರೇ ನನ್ನ ಎದೆ ಡೋಲು ಬಡಿದಂತೆ ಬಡಿಯುತ್ತದೆ. ಶಾಂತಿ ಎಲ್ಲಿಂದ ತರಲಿ?

ಮೊನ್ನೆ ಭಾನುವಾರ ಪಾಲಾಕ್ಷನನ್ನು ನಮ್ಮ ಮನೆಗೆ ಕರೆದುಕೊಂಡು ಬಂದಿದ್ದೆ. ಮಧ್ಯಾಹ್ನ ಇಬ್ಬರೂ ರಸ್ತೆಯ ಕಡೆಯ ಕೋಣೆಯಲ್ಲಿ ಎದುರುಬದುರು ಕೂತಿದ್ದೆವು. ನಾನು ಅವನ ಮುಖ ನೋಡುತ್ತಿದ್ದೆ. ಶಾಲೆಯಲ್ಲಿ ಅವನ ಗಲ್ಲದಲ್ಲಿ ಗುಳಿ ಬೀಳುತ್ತಿತ್ತು. ಅದು ಎಲ್ಲಿ ಹೋಯಿತು ಅಂತ ಹುಡುಕುತ್ತಿದ್ದೆ. ಒಳಗಿನಿಂದ ಅನ್ನಪೂರ್ಣ ಕರೆದಳು.

"ರೀ, ಊಟಕ್ಕೆ ಬನ್ನಿ."

ನನ್ನ ಬಾಯಿ ತಾನಾಗಿಯೇ ತೆರೆಯಿತು. ಐವತ್ತು ವರ್ಷದ ಅಭ್ಯಾಸ, ತುಟಿ ಕೂಡಿ ಮೊದಲಕ್ಷರಕ್ಕೆ ಸಜ್ಜಾಗಿಬಿಟ್ಟಿತು. ಕಣ್ಣು ಅವನ ಮುಖದ ಮೇಲಿತ್ತು. ಇಪ್ಪತ್ತು ತಾಸು ಆ ಮುಖ. ನಾನು ಅಂಗೈಯಿಂದ ಬಾಯಿ ಒತ್ತಿ ಹಿಡಿದೆ. ಅವಳು ಎರಡನೇ ಸಲ ಕರೆದಳು. ನನ್ನ ಎದೆ ಕಿವಿಯಲ್ಲಿ ಕೇಳಿಸುತ್ತಿತ್ತು.

ಪಾಲಾಕ್ಷ ನನ್ನನ್ನು ನೋಡಿದ. ಏಳು ತಿಂಗಳಲ್ಲಿ ಮೊದಲ ಸಲ ನನ್ನನ್ನೇ ನೋಡಿದ ಹಾಗಿತ್ತು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕೂಗಿದ.

"ಬಂದ ಕಣಮ್ಮ, ಬಂದ."

ನಾನು ಎದ್ದೆ. ಅವನ ಗಲ್ಲದ ಗುಳಿ ಬಂತೋ ಇಲ್ಲವೋ ಸರಿಯಾಗಿ ನೋಡಲಾಗಲಿಲ್ಲ. ಅಷ್ಟರಲ್ಲಿ ಕೆಳಗೆ ರಸ್ತೆಯಲ್ಲಿ ಯಾವುದೋ ಗಾಡಿಯ ಹಾರ್ನ್ ಶುರುವಾಯಿತು. ಬಿಟ್ಟು ಬಿಟ್ಟು ಅಲ್ಲ, ಒಂದೇ ಸಮ. ಪಾಲಾಕ್ಷ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡ. ನಾನು ನಿಂತಲ್ಲೇ ನಿಂತೆ. ಅದು ನಿಲ್ಲುವುದನ್ನೇ ಇಬ್ಬರೂ ಕಾದೆವು.